ಅಮ್ಮನ ಕೈ ಒರೆಸಿದವರು

ಕಲಾ ತರಗತಿಯಲ್ಲಿ ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಬತ್ತಿ ಗಿಡ್ಡ, ಸದ್ದು ಜಾಸ್ತಿ. ಹಾಗೆ ಕರೆದವರ ಮೇಲೆ ಮೊದಲ ವಾರವೇ ಹಾರಾಡಿದಳು. ಅಲ್ಲಿಗೆ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು. ಆದರೆ ಕಂಪ್ಯೂಟರಿನ ಮುಂದೆ ಕೂತಳೆಂದರೆ ಅದೆಲ್ಲಿಂದಲೋ ತಾಳ್ಮೆ ಬಂದು ಹೆಗಲ ಮೇಲೆ ಕೂರುತ್ತಿತ್ತು.

ವರ್ಷದ ಕೊನೆಯ ಪ್ರದರ್ಶನಕ್ಕೆ ಮೇಷ್ಟ್ರು ಕೊಟ್ಟ ಕೆಲಸ ಇಷ್ಟೆ: ಮನೆಯವರೊಬ್ಬರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ತಿದ್ದಿ ತರಬೇಕು. ಉಳಿದವರು ತಮ್ಮ, ತಂಗಿ, ತಾತನ ಮುಖ ತೆಗೆದರು, ಒಬ್ಬಳು ಮನೆಯ ಬೆಕ್ಕಿನದು. ಪಟಾಕಿ ತೆಗೆದದ್ದು ಅಮ್ಮನ ಕೈಗಳನ್ನು. ಅಮ್ಮ ಹತ್ತೊಂಬತ್ತು ವರ್ಷಗಳಿಂದ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡುವವಳು. ಮಣಿಕಟ್ಟಿನಿಂದ ಮೊಣಕೈವರೆಗೆ ಅಡ್ಡಡ್ಡ ಸುಟ್ಟ ಗೆರೆಗಳು. ಕೆಲವು ಹಳೆಯವು, ಬೆಳ್ಳಗಾಗಿವೆ, ಕೆಲವು ಕಂದು, ಒಂದೆರಡು ಇನ್ನೂ ಹಸಿ. ಲಾಂಡ್ರಿಯ ಮಬ್ಬು ಬೆಳಕು ಮತ್ತು ಹಬೆಯಲ್ಲಿ ಅರವತ್ತು ಫೋಟೋ ಹೊಡೆದಳು. ಒಂದನ್ನು ಇಟ್ಟುಕೊಂಡಳು.

ಮೊದಲ ವಾರ ಅದನ್ನು ಕಪ್ಪು ಬಿಳುಪು ಮಾಡಿದಳು. ನೋಡಿದವರು ಅಳಲೇಬೇಕು ಎಂದು ಹಟ ಹಿಡಿದಂತಿತ್ತು, ಅದನ್ನು ಅಳಿಸಿಹಾಕಿದಳು. ಎರಡನೆಯ ವಾರ ಬೆಳಕು ಹೆಚ್ಚಿಸಿದಳು. ಕೈ ಹೊಳೆಯಿತು, ಗೆರೆಗಳು ಕರಗಿಹೋದವು. ಮತ್ತೆ ಮೊದಲಿನಿಂದ. ಮೂರನೆಯ ವಾರ ಗಾಜಿನ ಮೇಲೆ ಗಾಜು ಇಟ್ಟಂತೆ ಲೇಯರ್ ಮೇಲೆ ಲೇಯರ್ ಹಾಕಿದಳು: ಹಬೆಗೆ ಒಂದು, ಬಟ್ಟೆಗೆ ಒಂದು, ಕೈಗೇ ಬೇರೆ ಎರಡು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡಬಾರದು. ಒಂದೊಂದು ಗೆರೆಯ ಸುತ್ತಲಿನ ನೆರಳನ್ನೂ ಕೂದಲೆಳೆಯಷ್ಟು ಸರಿಸಿ, ಸರಿಸಿ, ಕಣ್ಣು ಕೆಂಪಾಗುವಷ್ಟು ಹೊತ್ತು ಕೂತಳು.

“ಬೇಗ ಮುಗಿಸಮ್ಮ, ಅರಮನೆ ಕಟ್ತಿದ್ದೀಯಾ?” ಎಂದು ಮೇಷ್ಟ್ರು ಬೆನ್ನ ಹಿಂದಿನಿಂದ ಹೇಳಿ ಹೋಗಿದ್ದರು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಹಾಲಿಗೆ ಬಂದಾಗ ಚಿತ್ರ ಗೋಡೆಯ ನಟ್ಟನಡುವೆ ನೇತಾಡುತ್ತಿತ್ತು. ದೊಡ್ಡ ಫ್ರೇಮು, ಕೆಳಗೆ ‘ಅತ್ಯುತ್ತಮ ಚಿತ್ರ’ ಎಂಬ ಚೀಟಿ. ಹತ್ತಿರ ಹೋದಳು. ಹಬೆ ಅವಳದೇ, ಬಟ್ಟೆ ಅವಳದೇ. ಕೈ ಮಾತ್ರ ಯಾರದೋ. ಒಂದು ಗೆರೆಯಿಲ್ಲ, ಒಂದು ಗುರುತಿಲ್ಲ. ಸೋಪಿನ ಜಾಹೀರಾತಿನವಳ ಹಾಗೆ ನುಣ್ಣಗೆ, ಬೆಳ್ಳಗೆ.

ಅಂಗಾಲಿನ ಉರಿ ನೆತ್ತಿಗೇರಿತು.

“ಸರ್, ಇದನ್ನ ಯಾರು ಮುಟ್ಟಿದ್ದು?”

ಮೇಷ್ಟ್ರು ಕುರ್ಚಿ ಜೋಡಿಸುತ್ತಿದ್ದರು. “ನಾನೇ ಕಣಮ್ಮ. ಸ್ವಲ್ಪ ಕ್ಲೀನ್ ಮಾಡಿದೆ. ದೊಡ್ಡೋರೆಲ್ಲ ಬರ್ತಾರೆ, ಗಾಯ ನೋಡಿ ಮುಖ ಸಿಂಡರಿಸ್ಕೋಬಾರ್ದು ನೋಡು. ಹತ್ತು ನಿಮಿಷದ ಕೆಲಸ.”

“ಅದು ಕಾಣೋ ಹಾಗೆ ಮಾಡೋಕೆ ನಂಗೆ ಮೂರು ವಾರ ಹಿಡೀತು!”

“ಚಿತ್ರ ನಿಂದೇ ಅಲ್ವಾ? ನಾನೇನು ಮಾಡಿದೆ ಈಗ? ಕೈ ಮೇಲಿದ್ದ ಕಲೆ ತೆಗೆದೆ, ಅಷ್ಟೆ.”

“ಹೌದು ಸರ್. ಎರಡೂ ಕಲೆ ತೆಗೆದುಬಿಟ್ರಿ.”

ಕುರ್ಚಿ ಜೋಡಿಸುತ್ತಿದ್ದ ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರ ಕಿವಿ ಕೆಂಪಾಯಿತು. “ನಾಲಿಗೆ ಬಿಗಿ ಹಿಡಿ. ಬಹುಮಾನ ಕೊಡ್ಸಿದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ, ಮೇಲೆ ನಂಗೇ ಪಾಠ!”

“ನಮ್ಮಮ್ಮನ ಕೈಗೆ ಬಂದಿಲ್ಲ ಸರ್ ಆ ಬಹುಮಾನ. ಈ ಕೈ ಯಾರದ್ದೋ, ಅವರನ್ನೇ ಹುಡುಕಿ ಕೊಡಿ.”

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ. ಅರ್ಧ ದಿನ ರಜೆ ಕೇಳಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಚಿತ್ರದ ಮುಂದೆ ನಿಂತು ಕತ್ತು ವಾಲಿಸಿ ನೋಡಿದಳು.

“ಚೆನ್ನಾಗಿದೆ ಕಣೆ. ಯಾರ ಕೈ ಇದು?”

ಪಟಾಕಿ ಫ್ರೇಮನ್ನು ಎರಡೂ ಕೈಯಿಂದ ಎತ್ತಿ ಗೋಡೆಯಿಂದ ಇಳಿಸಿ, ನೆಲಕ್ಕೆ ಮುಖ ಮಾಡಿ ಇಟ್ಟಳು.

“ಇಳಿಸಿದ್ರೆ ಬಹುಮಾನಾನೂ ಹೋಗುತ್ತೆ, ಹೇಳಿದ್ದೀನಿ!” ಎಂದರು ಮೇಷ್ಟ್ರು.

“ಹಾಳಾಗಿ ಹೋಗ್ಲಿ!”

ಅಮ್ಮನ ಕೈ ಹಿಡಿದು ದರದರ ಎಳೆದುಕೊಂಡು ಕಂಪ್ಯೂಟರ್ ಕೋಣೆಗೆ ಹೋದಳು. ಬಾಗಿಲು ದಢಾರನೆ ಬಡಿದಳು. ತನ್ನ ಫೈಲು ತೆರೆದಳು. “ನಾನು ಮಾಡಿದ್ದು ಇದು. ನೋಡು. ಆ ಮನುಷ್ಯ ಏನು ಅಳಿಸಿದ್ದಾನೆ ಅಂತ ನೋಡು.”

ಅಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, “ನಿಮ್ಮ ಮೇಷ್ಟ್ರು ನಿನ್ನ ಕೇಳ್ಲಿಲ್ಲ, ಸರಿ. ಇದನ್ನ ಗೋಡೆಗೆ ಹಾಕೋಕೆ ನೀನು ನನ್ನ ಕೇಳಿದ್ಯಾ?” ಎಂದಳು.

ಧ್ವನಿ ಏರಿರಲಿಲ್ಲ. ಆದರೂ ಕೆನ್ನೆಗೆ ಹೊಡೆದಂತಾಯಿತು.

“ಸುಟ್ಟಿದ್ದು ಕಾಣಬಾರ್ದಾ ಅಮ್ಮ?”

“ಅದು ಕಂಡ್ರೇನು? ಇಸ್ತ್ರಿ ಮಾಡೋ ಕೈ ಸುಡದೆ ಇರುತ್ತಾ? ಇಲ್ಲಿ ನೋಡು.” ಪರದೆಯ ಮೂಲೆಗೆ ಬೆರಳಿಟ್ಟಳು. ರವಿಕೆಯ ತೋಳಿನ ಅಂಚು ಹರಿದು, ಅದಕ್ಕೊಂದು ಪಿನ್ನು ಚುಚ್ಚಿತ್ತು. “ಊರೋರ ಬಟ್ಟೆಗೆಲ್ಲ ಇಸ್ತ್ರಿ ಹಾಕೋಳು ಹರಕು ತೋಳು ತೊಟ್ಕೊಂಡು ನಿಂತಿದ್ದಾಳೆ. ಲಾಂಡ್ರಿಯೋರು ಬಂದು ನೋಡಿದ್ರೆ ನಾನು ತಲೆ ಎತ್ತೋದು ಹೇಗೆ? ನಿಮ್ಮ ಮೇಷ್ಟ್ರಿಗೂ ಇದು ಕಾಣ್ಲಿಲ್ಲ, ನಿಂಗೂ ಕಾಣ್ಲಿಲ್ಲ.”

ಮೂರು ವಾರ ಕೂದಲೆಳೆ ಲೆಕ್ಕದಲ್ಲಿ ನೋಡಿದ ಚಿತ್ರ. ಆ ಪಿನ್ನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕೋಪ ಎಲ್ಲಿಗೂ ಹೋಗಲಿಲ್ಲ. ಅದರಲ್ಲಿ ಅರ್ಧ ತಿರುಗಿ ತನ್ನ ಮೇಲೇ ಬಂತು. ಮೌಸಿನ ಮೇಲೆ ಕೈ ಇಟ್ಟಳು.

“ಅಳಿಸ್ಲಾ?”

“ಅಳಿಸಿದ್ರೆ ನೀನೂ ಆ ಮೇಷ್ಟ್ರೇ ಆದೆ. ಕತ್ತರಿಸು. ಅಷ್ಟು ಭಾಗ ಬೇಡ.”

ಮೊಣಕೈಯಿಂದ ಮೇಲಿನದನ್ನು ಕತ್ತರಿಸಿದಳು. ಚಿತ್ರ ಉದ್ದನೆ, ಕಿರಿದಾಯಿತು. ಕೈಗಳು ಇನ್ನೂ ಹತ್ತಿರ ಬಂದವು. ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. “ಹಬೆ ಇನ್ನೊಂಚೂರು ಇರ್ಲಿ. ಅಲ್ಲಿ ಉಸಿರು ಕಟ್ಟುತ್ತೆ, ಗೊತ್ತಾಗ್ಲಿ ನೋಡೋರಿಗೂ,” ಎಂದಳು. ಪಟಾಕಿ ಹಬೆಯ ಲೇಯರನ್ನು ಗಟ್ಟಿ ಮಾಡಿದಳು. “ಸಾಕಾ?” “ಇನ್ನೂ.” “ಈಗ?” “ಹ್ಞೂ, ಈಗ ನಮ್ಮ ಲಾಂಡ್ರಿ.”

ಕೋಣೆಯ ಸಾದಾ ಪ್ರಿಂಟರಿನಲ್ಲಿ, ಸಾದಾ ಹಾಳೆಯ ಮೇಲೆ ಅದು ಹೊರಬಂತು. ಟೇಪು ಹಚ್ಚಿ ಅದೇ ಜಾಗಕ್ಕೆ ಅಂಟಿಸಿದಳು. ಮೇಷ್ಟ್ರು ಕಂಡೂ ಕಾಣದವರಂತೆ ಬಂದು, ‘ಅತ್ಯುತ್ತಮ ಚಿತ್ರ’ದ ಚೀಟಿ ಕಿತ್ತು, ಪಕ್ಕದ ಬೆಕ್ಕಿನ ಫೋಟೋ ಕೆಳಗೆ ಒತ್ತಿದರು. ತಪ್ಪಾಯಿತು ಎನ್ನಲಿಲ್ಲ, ಆಮೇಲೂ ಎಂದೂ ಎನ್ನಲಿಲ್ಲ. ಬಂದ ದೊಡ್ಡವರಲ್ಲಿ ಒಬ್ಬರು ನಿಜವಾಗಿಯೂ ಮುಖ ಸಿಂಡರಿಸಿದರು. ಪಟಾಕಿ ಅವರನ್ನು ದುರುಗುಟ್ಟಿ ನೋಡಿದಳು.

ಮಧ್ಯಾಹ್ನ ಅಮ್ಮನನ್ನು ಲಾಂಡ್ರಿಗೆ ಬಿಡಲು ಹೊರಟಾಗ ಅವಳ ಹೆಜ್ಜೆ ಇನ್ನೂ ನೆಲ ಗುದ್ದುತ್ತಿತ್ತು.

“ನಿಧಾನ ಕಣೆ, ರಸ್ತೆ ಏನು ಮಾಡಿತ್ತು ನಿಂಗೆ?”

“ಆ ಮೇಷ್ಟ್ರ ಮೇಲೆ ಇನ್ನೂ ಉರೀತಿದೆ ಅಮ್ಮ.” ಸ್ವಲ್ಪ ದೂರ ಹೋಗಿ, “ನಾನೂ ನಿನ್ನ ಕೇಳ್ಬೇಕಿತ್ತು,” ಎಂದಳು.

“ಕೇಳ್ಬೇಕಿತ್ತು. ನಂಗೂ ಆ ಕೋಪ ಇನ್ನೂ ಇಳಿದಿಲ್ಲ,” ಎಂದಳು ಅಮ್ಮ. “ಈಗ ಕೆಲಸಕ್ಕೆ ಹೊತ್ತಾಯ್ತು. ಸಂಜೆ ಮನೆಗೆ ಬಂದು ಸರಿಯಾಗಿ ಬೈತೀನಿ.”