ಹೆಸರು ಕಾಣಬೇಕು

“ಬಿಚ್ಚು ಅಂದ್ರೆ ಬಿಚ್ಚಬೇಕು. ಹೊಟ್ಟೆಗೆ ಪೇಪರ್ ತುರುಕಿಕೊಂಡು ಬಂದಿದಾಳೆ ನೋಡು ಮುಂಡೆ, ಬೆದರುಬೊಂಬೆ ಥರ.”

ಮೇಸ್ತ್ರಿ ಇದನ್ನು ಹೇಳಿದ್ದು ಮೂವತ್ತು ಅಂತಸ್ತಿನ ಕಟ್ಟಡದ ತಾರಸಿಯ ಮೇಲೆ, ಎಲ್ಲರ ಎದುರಿಗೆ. ನೀರಿನ ಟ್ಯಾಂಕಿನ ನಲ್ಲಿಯ ಬಾಯಲ್ಲಿ ಹನಿ ಬೀಳದೆ ಗಟ್ಟಿಯಾಗಿ ನಿಂತಿದ್ದ ಬೆಳಗು ಅದು. ಅತ್ತಿಗೆ ಆಗಷ್ಟೇ ಮೈದುನನ ಸೊಂಟದ ಬೆಲ್ಟು ಬಿಗಿದು ಮುಗಿಸಿದ್ದಳು. ಅವಳನ್ನು ಅತ್ತಿಗೆ ಎನ್ನಬೇಕಾದವನು ಅವನೊಬ್ಬನೇ. ಆದರೆ ಅವನು ಕರೆದದ್ದನ್ನು ಕೇಳಿ ಕೇಳಿ ಗಾಜು ಒರೆಸುವ ತಂಡದವರೆಲ್ಲ, ಅವಳಿಗಿಂತ ಹಿರಿಯರೂ ಕೂಡ, ಹಾಗೆಯೇ ಕರೆಯುತ್ತಿದ್ದರು. ಮೇಸ್ತ್ರಿಯ ಬಾಯಲ್ಲಿ ಮಾತ್ರ ಅವಳು ಮುಂಡೆ. ಅವಳ ಗಂಡ ಸತ್ತ ಮೇಲೆ ಈ ಬೈಗುಳ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ಅವನಿಗೆ ಅನ್ನಿಸಿರಬೇಕು.

ಬೆನ್ನ ಹಿಂದೆ ತಂಡದವರು ಮೇಸ್ತ್ರಿಯನ್ನು ಇಸ್ತ್ರಿ ಎನ್ನುತ್ತಿದ್ದರು. ಬಟ್ಟೆಯ ಮಡಿಕೆ ಕೆಟ್ಟೀತೆಂದು ಬಗ್ಗಿ ಒಂದು ಬಕೆಟ್ಟು ಎತ್ತಿದ ಪುಣ್ಯಾತ್ಮನಲ್ಲ ಅವನು. ಇವತ್ತು ಮೇಲಿನ ಅಂತಸ್ತುಗಳನ್ನು ಬಾಡಿಗೆಗೆ ನೋಡಲು ದೊಡ್ಡ ಮನುಷ್ಯರು ಬರುತ್ತಾರೆ, ರಾತ್ರಿಯ ಮಂಜು ಗಾಜಿನ ಮೇಲೆಲ್ಲ ಕಲೆ ಬಿಟ್ಟಿದೆ, ಬೇಗ ಒರೆಸಿ ಎಂದು ಕಟ್ಟಡದ ಮ್ಯಾನೇಜರು ಬೆಳಗ್ಗೆಯೇ ತಾಕೀತು ಮಾಡಿದ್ದನಂತೆ. ಜೊತೆಗೆ ಇನ್ನೊಂದು ಮಾತು. ನಿಮ್ಮವರು ಹರಕು ಸ್ವೆಟರು ತೊಟ್ಟು ಕಸದ ಮೂಟೆಗಳ ಹಾಗೆ ನೇತಾಡಬಾರದು, ಕಂಪನಿಯ ನೀಲಿ ಅಂಗಿ ಕೊಟ್ಟಿದೆಯಲ್ಲ, ಅದು ಕಾಣಬೇಕು, ಎದೆಯ ಮೇಲಿನ ಹೆಸರು ಕಾಣಬೇಕು. ಆ ನೀಲಿ ಅಂಗಿ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆಯವನ ಮುಖ ಕಾಣುತ್ತಿತ್ತು. ಸ್ವೆಟರಿನ ಮೇಲೆ ಎಳೆದುಕೊಳ್ಳೋಣವೆಂದರೆ ಹೆಗಲಲ್ಲೇ ಸಿಕ್ಕಿಕೊಳ್ಳುವಷ್ಟು ಬಿಗಿ.

ಚಳಿಗಾಲದಲ್ಲಿ ಹೊರಗಿನ ಗಾಜಿಗೆ ಇಳಿಯುವವರಿಗೆ ಬಟ್ಟೆ ಹಾಕಿಕೊಳ್ಳುವುದೇ ಅರ್ಧ ಕೆಲಸ. ಮೈಗಂಟುವ ಹತ್ತಿಯ ಬನಿಯನ್ನು ಮೊದಲು. ಅದರ ಮೇಲೆ ಎದೆಗೂ ಬೆನ್ನಿಗೂ ಹಳೆಯ ಪೇಪರು, ಗಾಳಿ ತೂರದ ಹಾಗೆ. ಆಮೇಲೆ ಸ್ವೆಟರು. ಎರಡು ಜೊತೆ ಕಾಲುಚೀಲದ ನಡುವೆ ಪ್ಲಾಸ್ಟಿಕ್ ಕವರು, ಬೂಟು ನೆಂದರೂ ಪಾದ ನೆನೆಯಬಾರದು. ಹೊಸಬರು ಸಿಕ್ಕಿದ್ದನ್ನೆಲ್ಲ ಕೈಗೆ ತುರುಕಿಕೊಳ್ಳುತ್ತಾರೆ. ಬೆರಳು ಬಿಗಿದರೆ ರಕ್ತ ಓಡುವುದಿಲ್ಲ, ಬರಿಗೈಗಿಂತ ಬೇಗ ಜೋಮು ಹಿಡಿಯುತ್ತದೆ. ಒಳಗೊಂದು ಉಣ್ಣೆಯ ಗ್ಲೌಸು, ಮೇಲೊಂದು ಸಡಿಲವಾದ ರಬ್ಬರಿನದು, ಅಷ್ಟೇ. ರಬ್ಬರ್ ಗ್ಲೌಸಿನ ಬಾಯಿಯನ್ನು ಹೊರಕ್ಕೆ ಮಡಚಬೇಕು. ಇಲ್ಲದಿದ್ದರೆ ಕೈ ಎತ್ತಿದಾಗಲೆಲ್ಲ ನೀರು ಮೊಣಕೈ ದಾಟಿ ಕಂಕುಳಕ್ಕೇ ಬರುತ್ತದೆ. ಇಷ್ಟೆಲ್ಲ ತೊಟ್ಟ ಮೇಲೆ ತನ್ನ ಬೆಲ್ಟನ್ನು ತಾನೇ ಬಿಗಿದುಕೊಳ್ಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಒಬ್ಬರು ಬರಿಗೈಯಲ್ಲಿ ಉಳಿದು ಉಳಿದವರನ್ನೆಲ್ಲ ಸಜ್ಜುಮಾಡಿ, ಕೊನೆಗೆ ತಾವು ಗ್ಲೌಸು ತೊಡುವುದು ತಂಡದ ರೂಢಿ. ಈ ಚಳಿಗಾಲವಿಡೀ ಆ ಬರಿಗೈ ಅತ್ತಿಗೆಯದೇ ಆಗಿತ್ತು. ಯಾರೂ ಹೇಳಿರಲಿಲ್ಲ, ಅವಳೇ ಬಿಟ್ಟುಕೊಟ್ಟಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವಳ ಗಂಡ ಕಟ್ಟಡದ ಹಿಂಬದಿಯಲ್ಲಿ ಹಗ್ಗದ ಮೇಲಿದ್ದ. ಒಂದು ಕೊಕ್ಕೆ ಬಿಚ್ಚಿ ಇನ್ನೊಂದನ್ನು ಸಿಕ್ಕಿಸುವಾಗ ಬೆರಳು ಮಡಚಲಿಲ್ಲ. ಅಷ್ಟೇ ಆದದ್ದು. ಮೈ ತುಂಬ ಬಟ್ಟೆ ಹಾಕಿಕೊಳ್ಳದೆ ಇಳಿದ, ತಪ್ಪು ಅವನದೇ ಎಂದು ಕಂಪನಿ ಕೈ ತೊಳೆದುಕೊಂಡಿತು. ಆ ಮಾತನ್ನು ಮನೆಯ ಬಾಗಿಲಿಗೆ ಬಂದು ಹೇಳಿಹೋದವನು ಇದೇ ಇಸ್ತ್ರಿ.

“ಸಾರ್, ಬಟ್ಟೆ ಇಲ್ದೆ ಇಳಿದು ಸತ್ತ ಅಂತ ಅವತ್ತು ನೀವೇ ಹೇಳಿದ್ರಿ,” ಎಂದಳು ಅತ್ತಿಗೆ.

“ಸತ್ತವನ ಕಥೆ ಈಗ ಯಾಕೆ? ಒಂದು ಗಂಟೆ ಕೆಲಸ. ಚಳಿ ಏನು ನಿಮ್ಮನ್ನ ನುಂಗಿಬಿಡುತ್ತಾ? ಬಿಚ್ಚೋಕಾಗಲ್ಲ ಅನ್ನೋರು ಗೇಟು ದಾಟಿ ಮನೆಗೆ ಹೋಗಿ. ಹೊರಗೆ ಸಾಲುಗಟ್ಟಿ ನಿಂತಿದಾರೆ ನಿಮ್ಮಂಥ ಬೋಳಿಮಕ್ಕಳು.”

ಸಾಲುಗಟ್ಟಿ ನಿಂತಿದ್ದರು, ಅದು ಸುಳ್ಳಲ್ಲ. ಮೈದುನ ಬೆಲ್ಟು ಬಿಚ್ಚಿದ. ಅವನ ಬಲಗೈಯ ಎರಡು ಬೆರಳು ಅಣ್ಣ ಸತ್ತ ಚಳಿಗಾಲದಲ್ಲಿ ಒಮ್ಮೆ ಚಳಿಗೆ ಸತ್ತು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಇನ್ನೊಮ್ಮೆ ಹಾಗಾದರೆ ಬೆರಳು ಉಳಿಯುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಉಣ್ಣೆಯ ಗ್ಲೌಸೂ ಬೇಡ, ನೋಡಲು ಅಸಹ್ಯ ಎಂದು ಇಸ್ತ್ರಿ ಅದನ್ನೂ ತೆಗೆಸಿದ. ಕಳಚಿದ ಪೇಪರುಗಳು ತಾರಸಿಯ ತುಂಬ ಹಾರಾಡಿದವು. ಬೆಲ್ಟುಗಳನ್ನು ಎರಡು ತೂತು ಒಳಕ್ಕೆ ಬಿಗಿಯಬೇಕಾಯಿತು. ಇಸ್ತ್ರಿ ಫೋನಿನಲ್ಲಿ ಹಲ್ಲು ಕಿರಿಯಲು ಆಚೆ ತಿರುಗಿದಾಗ ಅತ್ತಿಗೆ ಇಬ್ಬರ ಸ್ವೆಟರು, ಗ್ಲೌಸುಗಳನ್ನು ಒಣ ಬಕೆಟ್ಟಿಗೆ ತುರುಕಿ ಮೇಲೆ ಒರೆಸುಬಟ್ಟೆ ಮುಚ್ಚಿದಳು. ಅವಳನ್ನು ನೋಡಿ ಪಕ್ಕದ ಜೋಡಿಯೂ ಹಾಗೆಯೇ ಮಾಡಿತು.

ತಾರಸಿಯಿಂದ ತಂತಿಯಲ್ಲಿ ಇಳಿಬಿಟ್ಟ, ಇಬ್ಬರು ನಿಲ್ಲುವ ಕಬ್ಬಿಣದ ಕಟಾಂಜನಕ್ಕೆ ಅವರೆಲ್ಲ ತೊಟ್ಟಿಲು ಎನ್ನುತ್ತಿದ್ದರು. ಗುಂಡಿ ಒತ್ತಿದರೆ ಗುರುಗುಟ್ಟುತ್ತ ಇಳಿಯುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ತಾರಸಿಯ ಅಂಚು ದಾಟಿದ ಕೂಡಲೇ ಗಾಳಿ ಅಂಗಿಯ ಒಳಗೇ ಕೈ ಹಾಕಿತು. ಅತ್ತಿಗೆ ನೊರೆ ಹಚ್ಚುವುದು, ಮೈದುನ ವೈಪರಿನಲ್ಲಿ ಎಳೆಯುವುದು. ಹೆಪ್ಪುಗಟ್ಟದಿರಲೆಂದು ನೀರಿಗೆ ಸ್ಪಿರಿಟ್ಟು ಬೆರೆಸಿದ್ದರೂ ನೊರೆಯ ಅಂಚು ಆಗಲೇ ಗಟ್ಟಿಯಾಗುತ್ತಿತ್ತು. ಒಂದು ಅಂತಸ್ತು ಮುಗಿಯಿತು, ಎರಡು ಮುಗಿಯಿತು. ಮೈದುನನ ಹಲ್ಲು ಕಟಕಟ ಎನ್ನುವುದು ಅವಳಿಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದೂ ನಿಂತಿತು.

ಮೇಲಿನಿಂದ ಮೂರನೆಯ ಅಂತಸ್ತಿನದು ದೊಡ್ಡ ಕೋಣೆ, ನೆಲದಿಂದ ಸೂರಿನವರೆಗೆ ಗಾಜು. ಒಳಗೆ ಉದ್ದನೆಯ ಮೇಜಿನ ಸುತ್ತ ಆ ದೊಡ್ಡ ಮನುಷ್ಯರು ಕೂತಿದ್ದರು, ಬರಿಯ ಶರ್ಟಿನಲ್ಲಿ, ತೋಳು ಮಡಚಿಕೊಂಡು. ಒಬ್ಬ ಹೆಂಗಸು ಹೀಟರಿನ ಸೆಕೆಗೆ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಮ್ಯಾನೇಜರು ಗಾಜಿನ ಕಡೆ ಕೈ ಚಾಚಿ ಏನನ್ನೋ ವರ್ಣಿಸುತ್ತಿದ್ದ. ಊರೆಲ್ಲ ಇಲ್ಲಿಂದ ಹೇಗೆ ಕಾಣುತ್ತದೆ ಎಂದಿರಬೇಕು.

ಆಗ ವೈಪರು ಮೈದುನನ ಕೈಯಿಂದ ಜಾರಿ ದಾರದ ತುದಿಯಲ್ಲಿ ನೇತಾಡಿತು. ಅವನಿಗೆ ಗೊತ್ತಾಗಲಿಲ್ಲ. ಖಾಲಿ ಕೈಯನ್ನು ಗಾಜಿನ ಮೇಲೆ ಮೇಲಿಂದ ಕೆಳಕ್ಕೆ ಎಳೆಯುತ್ತಲೇ ಇದ್ದ. ಇವನ ಅಣ್ಣನಿಗೂ ಹೀಗೇ ಗೊತ್ತಾಗಿರಲಿಕ್ಕಿಲ್ಲ. ಒಬ್ಬನನ್ನು ಈ ಗಾಜಿಗೆ ಕೊಟ್ಟಾಗಿತ್ತು. ಇನ್ನೊಬ್ಬನನ್ನು ಕೊಡಲು ಅವಳು ತಯಾರಿರಲಿಲ್ಲ. ಕೆಂಪು ಗುಂಡಿ ಒತ್ತಿ ತೊಟ್ಟಿಲು ನಿಲ್ಲಿಸಿದಳು.

“ಕೈ ಕೊಡು.”

“ಇಲ್ಲಿ ಬೇಡ ಅತ್ತಿಗೆ, ನೋಡ್ತಾ ಇದಾರೆ.”

“ನೋಡಲಿ.”

ಅವನ ರಬ್ಬರ್ ಗ್ಲೌಸು ಎಳೆದಳು. ಬೆರಳು ನಾಲ್ಕೂ ಬೆಳ್ಳಗಾಗಿದ್ದವು, ಎರಡಲ್ಲ. ಅವಳು ನೀಲಿ ಅಂಗಿಯ ಗುಂಡಿ ಬಿಚ್ಚಿ ಅವನ ಕೈಯನ್ನು ತನ್ನ ಕಂಕುಳಲ್ಲಿ ಇರುಕಿಕೊಂಡಳು. ಮೈಗೆ ಕಬ್ಬಿಣ ಸೋಕಿದಂತಾಯಿತು. ಒಳಗೆ ಯಾರೋ ನಕ್ಕರು. ಒಬ್ಬ ಫೋನು ಎತ್ತಿ ಫೋಟೋ ತೆಗೆದ. ಮೈದುನ ನಾಚಿಕೆಯಿಂದ ಮುಖ ಆಚೆ ತಿರುಗಿಸಿದ. ಅತ್ತಿಗೆ ತಿರುಗಿಸಲಿಲ್ಲ. ನಗುತ್ತಿದ್ದವನನ್ನೇ ದಿಟ್ಟಿಸಿದಳು. ಅವಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂದಿತ್ತು. ಆ ಸಿಟ್ಟಿಗೆ ಇಷ್ಟು ದಿನ ಎಲ್ಲಿ ಅಡಗಿದ್ದೆ ಎಂದು ಕೇಳಬೇಕೆನಿಸಿತು.

ಮೇಲಿನಿಂದ ಇಸ್ತ್ರಿ ಗಂಟಲು ಹರಿದುಕೊಳ್ಳುತ್ತಿದ್ದ. ಅದೇ ಬೈಗುಳ ಸೊಂಟದ ವಾಕಿಟಾಕಿಯಲ್ಲೂ ಬರುತ್ತಿತ್ತು. ಅತ್ತಿಗೆ ಬಕೆಟ್ಟಿನ ಬಟ್ಟೆ ಸರಿಸಿ ಮೈದುನನ ಸ್ವೆಟರು ತೆಗೆದಳು. ಸೊಂಟದ ಪಟ್ಟಿ ಮುಟ್ಟಲಿಲ್ಲ, ಕೊಕ್ಕೆ ಇದ್ದದ್ದು ಅಲ್ಲಿ. ಬೆಲ್ಟಿನಿಂದ ಹೆಗಲಿಗೆ ಏರುವ ಎರಡು ಪಟ್ಟಿಗಳಲ್ಲಿ ಒಂದನ್ನು ಜಾರಿಸಿ ಒಂದು ತೋಳು ಹಾಕಬೇಕು, ಆ ಪಟ್ಟಿ ಏರಿಸಿಯೇ ಇನ್ನೊಂದನ್ನು ಜಾರಿಸಬೇಕು. ಗಾಳಿಗೆ ತೊಟ್ಟಿಲು ಗಾಜಿಗೆ ಬಡಿಯಿತು. ಅವಳು ಮೊಣಕಾಲು ಊರಿ ತಡೆದು ಮತ್ತೆ ಶುರುಮಾಡಿದಳು.

“ಏಯ್, ಏನ್ ಮಾಡ್ತಿದೀಯೇ ಅಲ್ಲಿ?” ಎಂದಿತು ವಾಕಿಟಾಕಿ.

“ಬಟ್ಟೆ ಹಾಕ್ತಿದೀನಿ ಸಾರ್.”

“ನಾಳೆಯಿಂದ ಇಬ್ಬರೂ ಬರಬೇಡಿ. ಕೇಳಿಸ್ತಾ? ನಾಳೆಯಿಂದ ಈ ಕಡೆ ಮುಖ ಹಾಕಬೇಡಿ.”

“ನಾಳೇದು ನಾಳೆ ಸಾರ್. ಈಗ ಎಡಗೈ ಹಾಕ್ತಿದೀನಿ.”

ರಕ್ತ ಓಡತೊಡಗಿ ಬೆರಳಿಗೆ ಸೂಜಿ ಚುಚ್ಚಿದಂತಾಗಿ ಮೈದುನ ಅಮ್ಮಾ ಎಂದು ಅರಚಿದ. ಅತ್ತಿಗೆಗೆ ಅಷ್ಟು ಸಂತೋಷ ಯಾವ ಮಾತಿನಿಂದಲೂ ಆಗಿರಲಿಲ್ಲ. ನೋವಿದ್ದರೆ ಬೆರಳಿದೆ. ಅಳು, ಎಷ್ಟು ಬೇಕೋ ಅಷ್ಟು ಅಳು ಎಂದು ಅವನ ಬೆನ್ನು ಉಜ್ಜಿದಳು. ಅದೇ ಹೊತ್ತಿಗೆ ಎಡಗಡೆ ಗುರುಗುಟ್ಟುವ ಸದ್ದು ನಿಂತಿತು. ಪಕ್ಕದ ತೊಟ್ಟಿಲಿನವರೂ ಕೋಣೆಯ ಆಚೆ ತುದಿಯ ಗಾಜಿನೆದುರು ನಿಲ್ಲಿಸಿ, ಬಕೆಟ್ಟಿಗೆ ಕೈ ಹಾಕಿದ್ದರು. ಅವರಲ್ಲಿ ಹಿರಿಯ ಸ್ವೆಟರಿಗೆ ತಲೆ ತೂರಿಸುತ್ತ ಇಸ್ತ್ರಿಯ ತಾಯಿಯನ್ನು ನೆನೆದು ಒಂದು ಮಾತು ಅಂದ. ಗಾಳಿಯಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು.

ಒಳಗೆ ನಗು ನಿಂತಿತ್ತು. ಆ ಕೋಣೆಗೆ ಪರದೆ ಇರಲಿಲ್ಲ. ಊರು ಕಾಣಲೆಂದೇ ಹಾಕಿಸಿರಲಿಲ್ಲ. ಮ್ಯಾನೇಜರು ಗಾಜನ್ನು ಬಡಿದ, ಹೋಗಿ ಹೋಗಿ ಎಂದು ಕೈ ಬೀಸಿದ. ಯಾರೂ ಕದಲದ್ದನ್ನು ಕಂಡು ಕುರ್ಚಿಯ ಬೆನ್ನಿಗೆ ಹಾಕಿದ್ದ ತನ್ನ ಓವರ್‌ಕೋಟನ್ನು ಎಳೆದುಕೊಂಡು ಬಂದು, ಎರಡೂ ಕೈಯಲ್ಲಿ ಅಗಲಿಸಿ ಗಾಜಿಗೆ ಹಿಡಿದು ನಿಂತ. ಅತಿಥಿಗಳಿಗೆ ಕೋಟಿನ ಹೊರಮೈ, ಅತ್ತಿಗೆಗೆ ಒಳಮೈ. ದಪ್ಪ ಉಣ್ಣೆಯ ಅಸ್ತರು, ಕುರಿಯ ಮೈಯಂಥದ್ದು. ಒಂದು ಗೇಣು ದೂರದಲ್ಲಿ, ಗಾಜಿನಾಚೆ.

ಅತ್ತಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕೋಟೂ ಸರಿಯಿತು. ಮೈದುನ ಇದ್ದ ಕಡೆ ಗಾಜು ಬಯಲಾಯಿತು. ಮ್ಯಾನೇಜರು ಅತ್ತ ಓಡಿದ, ಇತ್ತ ಇವಳು ಅತಿಥಿಗಳಿಗೆ ಕಾಣಿಸಿದಳು. ಆಚೆ ತುದಿಯಲ್ಲಿ ಇನ್ನಿಬ್ಬರು ಕಾಣುತ್ತಲೇ ಇದ್ದರು. ಅವನ ಶರ್ಟಿನ ಬೆನ್ನು ಬೆವತು ಅಂಟಿಕೊಂಡಿತ್ತು.

ಅವಳು ಬಕೆಟ್ಟಿನಿಂದ ಉಣ್ಣೆಯ ಗ್ಲೌಸನ್ನು ತೆಗೆದುಕೊಂಡು ಮೈದುನನ ಬಲಗೈಗೆ ತೊಡಿಸತೊಡಗಿದಳು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳು.