ಕಳ್ಳಿಹಾಲು

ಕೂತ ಭಂಗಿಯಲ್ಲಿ ಬಿದಿರಿಗೆ ಕಟ್ಟಿದ್ದ ಆದೆಪ್ಪನ ಹೆಣವನ್ನು ಮೂವರು ಎತ್ತಲು ಹೋಗಿ ಮತ್ತೆ ನೆಲಕ್ಕಿಟ್ಟರು.

"ಇನ್ನೊಂದು ಹೆಗಲು ಬೇಕು ಚಿಗವ್ವ," ಎಂದ ಆದೆಪ್ಪನ ಅಣ್ಣನ ಮಗ ದೇವೇಂದ್ರಪ್ಪ. "ಓಣಿ ತುಂಬ ಕೇಳಿದೆ. ನಿಜಾಮನ ಚಾಕರಿ ಮಾಡಿದಂವನ್ನ ಹೊರಾಕ ಒಬ್ರೂ ಒಲ್ಲೆಂತಾರ."

ಮಹಾಂತಮ್ಮ ಗಂಡನ ಮುಖ ನೋಡಿದಳು. ಸುಟ್ಟ ರೆಪ್ಪೆಗಳು ಸತ್ತ ಮೇಲೂ ಪೂರ್ತಿ ಮುಚ್ಚಿರಲಿಲ್ಲ.

*

ಮಖ್ತಲಿನ ತಹಸೀಲ್ದಾರರ ಬಂಗ್ಲೆಯಲ್ಲಿ ಆದೆಪ್ಪ ಇಪ್ಪತ್ತು ವರ್ಷ ಮಾಲಿಯಾಗಿದ್ದ. ಲೋಳೆಸರ, ಬಗೆಬಗೆಯ ಕಳ್ಳಿ, ಸಾಹೇಬರ ಹೆಂಡತಿ ಹೈದರಾಬಾದಿನಿಂದ ತಂದ ದಪ್ಪೆಲೆ ಗಿಡ; ಅವನ ಜೀವವೆಲ್ಲ ಆ ಕುಂಡಗಳಲ್ಲಿತ್ತು. ಉದುರಿದ ಒಂದೇ ಎಲೆಯನ್ನು ಮರಳುಮಣ್ಣಿನ ಮೇಲೆ ಮಲಗಿಸಿ ಬೇರು ಬರಿಸುತ್ತಿದ್ದ. ಬಂಗ್ಲೆಯ ಚಪ್ರಾಸಿ ಚಿನ್ನಯ್ಯನಿಗೂ ಕಲಿಸಿದ್ದ.

"ನೀರು ಜಾಸ್ತಿ ಹಾಕಬ್ಯಾಡ, ಬುಡ ಕೊಳೀತೈತಿ. ಕಳ್ಳಿ ಮುರದ್ರ ಹಾಲು ಕಣ್ಣಿಗೆ ಸಿಡೀದಂಗ ನೋಡ್ಕೊ. ಕಣ್ಣು ಹೋಗ್ತಾವ."

೧೯೪೮ರ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ಸಾಹೇಬರು ಊರು ಬಿಟ್ಟರು. ಮರುದಿನ ಬಂಗ್ಲೆಗೆ ನುಗ್ಗಿದ ಜನ ಆದೆಪ್ಪ, ಚಿನ್ನಯ್ಯ ಇಬ್ಬರನ್ನೂ ಹಿಡಿದರು.

"ನಾ ರಜಾಕಾರರ ಕಡೆಯಂವ ಅಲ್ರೀ," ಎಂದು ಚಿನ್ನಯ್ಯ ಅತ್ತ.

"ಹಂಗಾರ ತೋರ್ಸು," ಎಂದು ಜನ ಆದೆಪ್ಪನ ಕಡೆ ಕೈ ಮಾಡಿದರು.

ಚಿನ್ನಯ್ಯ ಕಳ್ಳಿ ಮುರಿದ. ಆದೆಪ್ಪನ ಎದೆಯ ಮೇಲೆ ಕೂತು ಎರಡೂ ಕಣ್ಣಿಗೆ ಹಾಲು ಹಿಂಡಿದ. ಜನ ಚಿನ್ನಯ್ಯನನ್ನು ಬಿಟ್ಟರು. ಹೊಸ ಸರ್ಕಾರದಲ್ಲಿ ಕೆಲಸ ಬಲ್ಲವನೆಂದು ಮಾಲಿಯ ನೌಕರಿಯೂ ಅವನಿಗೇ ಸಿಕ್ಕಿತು.

ಕುರುಡ ಆದೆಪ್ಪ ಒಂದು ವರ್ಷ ಬದುಕಿದ. ಬಂಗ್ಲೆಯ ಒಡೆದ ಕುಂಡಗಳಿಂದ ಮಹಾಂತಮ್ಮ ಆಯ್ದು ತಂದ ಎಲೆಗಳನ್ನು ಹಿತ್ತಲಲ್ಲಿ ಗಿಡ ಮಾಡಿದ. ಎಲೆ ಹಿಚುಕಿ ನೋಡಿ, ಮೆತ್ತಗಾಗಿದ್ದರೆ ಮಾತ್ರ ನೀರು ಕೊಡುತ್ತಿದ್ದ.

*

ಸಾವಿನ ಸುದ್ದಿ ಕೇಳಿ ಬಂದ ಚಿನ್ನಯ್ಯ ಬಾಗಿಲಲ್ಲಿ ನಿಂತಿದ್ದ.

"ನಾ ಹೊರ್ತೀನ್ರೀ ಅಕ್ಕಾ."

"ಹೊರಗ ನೂಕ್ಲೇನು ಚಿಗವ್ವ?" ದೇವೇಂದ್ರಪ್ಪ ಎದ್ದ.

ಹೊತ್ತು ಏರಿತ್ತು. ಹೆಣಕ್ಕೆ ನೊಣ ಮುತ್ತಿದ್ದವು.

"ಬ್ಯಾಡ," ಎಂದಳು ಮಹಾಂತಮ್ಮ. "ಹೆಗಲು ಕೊಡ್ಲಿ."

ಚಿನ್ನಯ್ಯ ಅವಳ ಹತ್ತಿರ ಬಂದು ಪಿಸುಗುಟ್ಟಿದ. "ಅಣ್ಣ ನನ್ನ ಬಗ್ಗೆ ಏನರ ಅಂದಿದ್ನೇನ್ರೀ?"

"ಏನೂ ಅಂದಿಲ್ಲ. ಓಣಿಯಾಗ ನಿನ್ನ ದನಿ ಕೇಳಿದ್ರ ಎರಡೂ ಕೈಲೆ ಮಾರಿ ಮುಚ್ಕೊಂತಿದ್ದ."

ಚಿನ್ನಯ್ಯ ಹೋಗಿ ಬಿದಿರಿಗೆ ಹೆಗಲು ಕೊಟ್ಟ. ನಾಲ್ವರಲ್ಲಿ ಅವನೇ ಕುಳ್ಳ. ಹೆಣ ಅವನ ಕಡೆಗೇ ವಾಲಿತು. ಕುಣಿ ತೋಡಿದ್ದು ಊರಾಚೆ, ಒಂದು ಮೈಲು ದೂರ. ಓಣಿ ದಾಟುವಷ್ಟರಲ್ಲಿ ಕಟ್ಟು ಸಡಿಲಾಗಿ ಆದೆಪ್ಪನ ಬಲಗೈ ಕೆಳಗೆ ಜಾರಿತು. ಹೆಜ್ಜೆ ಹೆಜ್ಜೆಗೂ ತಣ್ಣನೆಯ ಬೆರಳುಗಳು ಚಿನ್ನಯ್ಯನ ಕೆನ್ನೆ ಸವರುತ್ತಿದ್ದವು. ಎರಡೂ ಕೈಯಿಂದ ಬಿದಿರು ಹಿಡಿದಿದ್ದ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಡೆದ.