ಮುಳುಗುವ ಜಾಕೀಟು

ಮುಕಾಂಬು ನನ್ನ ಕೊರಳಿನ ಮೇಲಿದ್ದ ಮೀನುಗಸಿಯ ಕಲೆಯನ್ನು ತಿಕ್ಕುತ್ತಿದ್ದಳು. ಸೋಪು ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ, ಜಾಲಿಸಲೆಂದು ನೀರು ತುಂಬಿದ ಟಬ್ಬಿಗೆ ಹಾಕಿದಳು. ನಾನು ಒಂದು ಗಳಿಗೆ ತೇಲಿದೆ. ಆಮೇಲೆ ಗುಳುಗುಳು ಎಂದು ನೀರು ಕುಡಿದೆ. ಕುಡಿದು ಕುಡಿದು ತಳಕ್ಕೆ ಹೋಗಿ ಕುಳಿತೆ.

ಅವಳ ಕೈ ಅಲ್ಲೇ ನಿಂತಿತು.

ಆರು ವರ್ಷದಿಂದ ಪ್ರತಿ ಸೋಮವಾರ ನಮ್ಮನ್ನು ಒಗೆಯುವವಳು ಅವಳೇ. ಹಿಂದೆಲ್ಲ ನಮ್ಮನ್ನು ನೀರಿಗೆ ಅದ್ದುವುದೇ ದೊಡ್ಡ ಕೆಲಸ. ಎರಡೂ ಕೈಯಿಂದ ಒತ್ತಿ ಹಿಡಿಯಬೇಕು. ಕೈ ಬಿಟ್ಟರೆ ಚಿಮ್ಮಿ ಮೇಲೆ ಬಂದು ಅವಳ ಮುಖಕ್ಕೆ ನೀರು ಎರಚುತ್ತಿದ್ದೆವು. "ಕಪ್ಪೆ ಕುಲದ್ವು" ಎಂದು ಬಯ್ಯುತ್ತಿದ್ದಳು. ಈಗ ಅದೇ ನಾನು ಟಬ್ಬಿನ ತಳದಲ್ಲಿ ಒದ್ದೆ ಗೋಣಿಯ ಹಾಗೆ ಬಿದ್ದಿದ್ದೆ.

ನಾನು ಒಂದು ಲೈಫ್ ಜಾಕೆಟ್. ದೋಣಿಯಲ್ಲಿ ಹೋಗುವವರು ಎದೆಗೆ ಕಟ್ಟಿಕೊಳ್ಳುವ ಕಿತ್ತಳೆ ಬಣ್ಣದ ಕವಚ. ಕಟ್ಟಿಕೊಂಡವರು ನೀರಿಗೆ ಬಿದ್ದರೆ ಅವರ ತಲೆಯನ್ನು ನೀರಿನ ಮೇಲೆ ಹಿಡಿಯುವುದು ನನ್ನ ಕೆಲಸ. ಬೇರೆ ಕೆಲಸ ನನಗಿಲ್ಲ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ನಮ್ಮ ಗುಂಪಿನ ಒಬ್ಬನನ್ನು ಕಬ್ಬಿಣದ ತೂಕ ಕಟ್ಟಿ ತೊಟ್ಟಿಗೆ ಎಸೆದಿದ್ದರು. ಒಂದು ಹಗಲು, ಒಂದು ರಾತ್ರಿ ಅವನು ತೇಲಿಕೊಂಡೇ ಇದ್ದ. ಆಮೇಲೆ ನಮ್ಮೆಲ್ಲರ ಬೆನ್ನಿಗೂ ಮುದ್ರೆ ಒತ್ತಿದರು. ಆ ಮುದ್ರೆ ಈಗಲೂ ನನ್ನ ಬೆನ್ನಿನ ಮೇಲಿದೆ. ಅದನ್ನು ನೆನೆದರೇ ಮೈ ಉರಿಯುತ್ತದೆ.

ನಮ್ಮನ್ನು ಕೊಂಡವರು ಹೊಸಮೂಲೆ ಬಂದರಿನ ಶೇಷಗಿರಿ ಧನಿ. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ಹಕ್ಕಿಗಲ್ಲು ಎಂಬ ದ್ವೀಪ. ಒಂದಿಷ್ಟು ಕರಿಬಂಡೆ, ಒಂದಿಷ್ಟು ತೆಂಗು, ಒಂದು ಹಳೆಯ ದೀಪಸ್ತಂಭ, ಊಟಕ್ಕೆ ತೆಂಗಿನ ಗರಿ ಹೆಣೆದ ಮಡಲಿನ ಒಂದು ಹೋಟೆಲು. ಅದನ್ನು ನೋಡಲು ಘಟ್ಟದ ಮೇಲಿನಿಂದ ಜನ ಸಂಸಾರ ಸಮೇತ ಬರುತ್ತಾರೆ. ಧನಿಯ ಬೋಟು ಅವರನ್ನು ಕರೆದೊಯ್ದು ಕರೆತರುತ್ತದೆ.

ಬಂದವರು ನನ್ನನ್ನು ಏನೇನು ಮಾಡಲಿಲ್ಲ! ಕುಂಡೆಯಡಿಗೆ ಹಾಕಿ ಕೂತರು. ಬಿಸಿಲಿಗೆ ತಲೆಯ ಮೇಲೆ ಹೊತ್ತರು. ವಾಂತಿ ಬಂದಾಗ ನನ್ನಲ್ಲೇ ಬಾಯಿ ಒರೆಸಿದರು. ನಾನು ಸಹಿಸಿದೆ. ಹೊಟ್ಟೆಯೊಳಗೆ ತೇಲುವ ಹಾಳೆ ಇದೆ, ಒಂದು ದಿನ ನನ್ನ ಬೆಲೆ ತಿಳಿಯುತ್ತದೆ ಎಂಬ ಹೆಮ್ಮೆ ನನಗಿತ್ತು.

ಆ ಹೆಮ್ಮೆಯನ್ನು ಇಲಿ ತಿಂದಿತು. ಕಳೆದ ಮಳೆಗಾಲ ಬೋಟು ನಿಂತಿದ್ದಾಗ ಕೊಟ್ಟಿಗೆಯಲ್ಲಿ ಇಪ್ಪತ್ತು ಮಂದಿಯ ಹೊಟ್ಟೆಯನ್ನೂ ಇಲಿಗಳು ಕೊರೆದು ಹಾಕಿದವು. ತಪಾಸಣೆಗೆ ಇನ್ನು ಮೂರೇ ದಿನ. ಧನಿ ಹೊಸದು ತರಲಿಲ್ಲ. ನಮ್ಮನ್ನೆಲ್ಲ ಮೂಟೆ ಕಟ್ಟಿ ಮುಕಾಂಬುವಿನ ಹತ್ತಿರ ಬಂದರು. ಅವಳ ಹೊಲಿಗೆ ಮಿಷನ್ ಇದ್ದದ್ದು ಧನಿಯ ಅಂಗಡಿಯ ಜಗಲಿಯಲ್ಲಿಯೇ.

"ಮುಕಾಂಬೂ, ಇಪ್ಪತ್ ಜಾಕೀಟ್ ಹೊಲಿಯುಕಿತ್ತ್. ನಾಡ್ದಿಗೆ ಆಯ್ಕ್."

ಈ ಕಡೆ ಹೆಂಗಸರ ರವಿಕೆಗೆ ಜಾಕೀಟು ಎನ್ನುತ್ತಾರೆ. ಅವಳು ಮಿಷನ್ ನಿಲ್ಲಿಸಿ ಕಣ್ಣರಳಿಸಿದಳು. "ಇಪ್ಪತ್ತಾ! ಯಾರ್ ಮದಿ ಧನಿಯರೇ? ಅಳತೆ ರವ್ಕಿ ತಂದಿದ್ರಿಯಾ?"

"ಹೆಂಗ್ಸ್ರದ್ದ್ ಅಲ್ದೇ ಮರಾಯ್ತಿ, ಬೋಟಿನ ಜಾಕೀಟ್! ಅಳತೆಯೂ ಬ್ಯಾಡ, ಎಂತದೂ ಬ್ಯಾಡ. ಇಕಾ ಸ್ಪಂಜ್. ತುಂಬ್ಸಿ ಬಾಯಿ ಹೊಲಿ."

ಅದು ಹಳೆಯ ಹಾಸಿಗೆಯ ಸ್ಪಂಜು. ಸ್ಪಂಜು ಹಗುರ, ಹಗುರವಾದದ್ದು ತೇಲುತ್ತದೆ ಎಂದು ಅವಳು ನಂಬಿದಳು. ತನ್ನ ಮದುವೆಯ ರವಿಕೆ ಹೊಲಿದಷ್ಟು ಚಂದ ಮಾಡಿ ನಮ್ಮನ್ನು ಹೊಲಿದಳು. ತಪಾಸಣೆಗೆ ಬಂದವರು ಇಪ್ಪತ್ತು ಎಂದು ಎಣಿಸಿ ಹೋದರು. ನೀರಿಗೆ ಹಾಕಿ ನೋಡಲಿಲ್ಲ. ಹಾಕಿ ನೋಡಿದ್ದು ಮುಕಾಂಬು ಮಾತ್ರ, ಅದೂ ಮೀನುಗಸಿಯ ಕಲೆ ತೆಗೆಯಲು.

ಒದ್ದೆ ನನ್ನನ್ನು ಎತ್ತಿಕೊಂಡೇ ಅವಳು ಧನಿಯ ಮುಂದೆ ನಿಂತಳು. "ಇದ್ ಮುಳುಗ್ತ್ ಧನಿಯರೇ."

ಧನಿ ಎಲೆ ಅಡಿಕೆ ಉಗಿದು ಬಂದು ನಕ್ಕರು. "ಅದೇನ್ ನೀರಿಗ್ ಬೀಳುಕ್ ಇಪ್ಪುದಾ? ಹಾಯ್ಕಂಡ್ ಫೋಟ ತೆಗುಕೆ ಇಪ್ಪುದ್. ಆರ್ ವರ್ಷದಗೆ ಒಬ್ಬ ಬಿದ್ದಿದ್ನಾ? ಜಗಲಿ ಬ್ಯಾಡ್ದಾ ನಿಂಗೆ?"

ಮೂರು ದಿನ ಮುಕಾಂಬು ತಲೆ ಬಗ್ಗಿಸಿ ಮಿಷನ್ ತುಳಿದಳು. ನಾಲ್ಕನೆಯ ದಿನ ಒಂದು ಕಾಗದ ಬರೆದಳು. ನಾಲ್ಕನೇ ಕ್ಲಾಸಿನ ಅಕ್ಷರ. "ಬಂದರು ಕಚೇರಿಯ ಸಾಹೇಬರಿಗೆ. ನಾನು ಹೊಲಿದ ಜಾಕೀಟುಗಳು ಸರಿ ಇಲ್ಲ. ಅವನ್ನು ಯಾರೂ ತೊಡಬಾರದು." ವಿಳಾಸ ಬರೆದುಕೊಡಿ ಎಂದು ಅಂಚೆ ಕಚೇರಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ಮನೆಗೆ ಬಂದು ಗಂಡನಿಗೆ ಹೇಳುವಾಗ ಸ್ಪಂಜು ಆರದೆ ಇನ್ನೂ ಹಗ್ಗದ ಮೇಲೆಯೇ ಇದ್ದ ನಾನು ಕೇಳಿಸಿಕೊಂಡೆ. ಪೋಸ್ಟ್ ಮಾಸ್ಟ್ರು ಕಾಗದವನ್ನು ಗಟ್ಟಿಯಾಗಿ ಓದಿದರಂತೆ. "ಎಂತ ಮುಕಾಂಬು, ರವ್ಕಿ ಬಿಗಿ ಆಯ್ತ್, ಸಡ್ಲ ಆಯ್ತ್ ಅಂದೇಳಿ ಬಂದರಿನ ಸಾಹೇಬ್ರಿಗೆ ಬರೂದಾ? ಅವ್ರ ಹೆಂಡ್ತಿಗಾರೂ ಬರಿ!" ಪಿಂಚಣಿಗೆ ಬಂದು ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರಂತೆ.

ಕಾಗದ ಮಿಷನ್ನಿನ ಖಾನೆಗೆ ಹೋಯಿತು. ನೂಲುಂಡೆಗಳ ಅಡಿಯಲ್ಲಿ ನಾಲ್ಕು ತಿಂಗಳು ಅಲ್ಲೇ ಇತ್ತು.

ನನ್ನ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ. ತುಂಬಿಸು ಎಂದ ಧನಿಯ ಮೇಲೆ. ಎಣಿಸಿ ಹೋದವರ ಮೇಲೆ. ನಕ್ಕವರ ಮೇಲೆ. ಅವಮಾನಕ್ಕೆ ಹೆದರಿ ಕಾಗದ ಮುಚ್ಚಿಟ್ಟ ಮುಕಾಂಬುವಿನ ಮೇಲಂತೂ ಇನ್ನೂ ಹೆಚ್ಚು. ಗೊತ್ತಿಲ್ಲದವರ ಮೇಲೆ ಎಷ್ಟು ಸಿಟ್ಟು ಮಾಡಲು ಬರುತ್ತದೆ? ಗೊತ್ತಿದ್ದೂ ಪ್ರತಿ ಸೋಮವಾರ ನನ್ನನ್ನು ತೊಳೆದು, ಒಣಗಿಸಿ, ಹೊಳೆಯುವ ಹಾಗೆ ಮಾಡಿ ಬೋಟಿಗೆ ಕಳಿಸುತ್ತಿದ್ದಳಲ್ಲ!

ಜನವರಿಯಲ್ಲಿ ಹಾವೇರಿ ಕಡೆಯ ಒಂದು ಸಂಸಾರ ಬಂತು. ಬೀಜದ ಅಂಗಡಿಯ ಹಾಲೇಶ, ಅವನ ಹೆಂಡತಿ ಸರೋಜಾ, ಎರಡು ಮಕ್ಕಳು, ಹಾಲೇಶನ ತಾಯಿ ಪಾರವ್ವ. ಪಾರವ್ವ ಹುಟ್ಟಿ ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುತ್ತಿದ್ದಳು. ಬೋಟಿನವನು ನನ್ನನ್ನು ಅವಳಿಗೆ ಕೊಟ್ಟ.

"ಇದೇನೋ ತಮ್ಮಾ?"

"ಇದ್ ಹಾಯ್ಕಂಡ್ರೆ ಮುಳುಗುದಿಲ್ಲ ಅಜ್ಜಿ."

ಅಷ್ಟೇ ಸಾಕಾಯಿತು. ಸೀರೆಯ ಮೇಲೆ ನನ್ನನ್ನು ಬಿಗಿದು, ಮೂರು ಪಟ್ಟಿಗೂ ಮತ್ತೊಂದು ಗಂಟು ಹಾಕಿಸಿಕೊಂಡಳು. ಬೇರೆಯವರೆಲ್ಲ ಫೋಟೋ ತೆಗೆಸಿಕೊಂಡು ಜಾಕೆಟ್ ಬಿಚ್ಚಿ ಕಾಲಡಿಗೆ ಹಾಕಿದರು. ಇವಳು ಬಿಚ್ಚಲಿಲ್ಲ. ದ್ವೀಪದಲ್ಲಿ ಇಳಿದ ಮೇಲೂ ಬಿಚ್ಚಲಿಲ್ಲ. ಕರಿಬಂಡೆ ನೋಡಿದ್ದು, ದೀಪಸ್ತಂಭದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟದ್ದು, ಎಳನೀರು ಕುಡಿದದ್ದು, ಎಲ್ಲ ನನ್ನನ್ನು ಕಟ್ಟಿಕೊಂಡೇ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಹಾಲೇಶ ಮುಜುಗರಪಟ್ಟ.

"ಯವ್ವಾ, ನೆಲದ ಮ್ಯಾಲೆ ಅದೀವಿ. ಈಗರ ತಗೀ ಬೇ."

"ಸುತ್ತ ನೀರೈತಿ, ನಡುವ ಅಂಗೈಯಷ್ಟು ನೆಲ. ನಾ ತಗ್ಯೂದಿಲ್ಲ. ನಿನಗ ನಾಚಿಕಿ ಬಂದ್ರ ಆ ಕಡೆ ನೋಡು."

ಮಡಲಿನ ಹೋಟೆಲಿನಲ್ಲಿ ಊಟಕ್ಕೆ ಕೂತರು. ಹೋಟೆಲಿನ ಹೆಂಗಸು ಬಂಗುಡೆ, ಅಂಜಲ್, ಸಿಗಡಿ ಎಂದು ಒಂದೇ ಉಸಿರಿಗೆ ಹೇಳಿದಳು. ಸಸ್ಯಾಹಾರ ಏನೈತ್ರಿ ಎಂದು ಹಾಲೇಶ ಕೇಳಿದ. "ಗಸಿಯಗಿನ್ ಮೀನ್ ತೆಗ್ದ್ ಬದಿಗಿಟ್ರೆ ಆಯ್ತಲೆ, ಅದೂ ಸಸ್ಯಾಹಾರವೇ" ಎಂದಳು ಅವಳು. ಪಾರವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಕೊನೆಗೆ ಅನ್ನ, ಪುನರ್ಪುಳಿ ಸಾರು, ಮಜ್ಜಿಗೆ ಬಂತು. ಹೊರಗಿನ ತಿಂಡಿ ತರಬಾರದು ಎಂದು ಬೋರ್ಡು ಹಾಕಿದ್ದರು. ಪಾರವ್ವ ಆಚೀಚೆ ನೋಡಿ, ನನ್ನ ಒಳಗೆ ಕೈ ಹಾಕಿ, ಎದೆಗೆ ಆನಿಸಿ ಇಟ್ಟುಕೊಂಡಿದ್ದ ಜೋಳದ ರೊಟ್ಟಿ ಹೊರತೆಗೆದಳು. "ಇದರಾಗ ಬಿಸಿನೂ ಇರತೈತಿ ನೋಡ ಸರೋಜಾ. ಯಾರ ಮಾಡ್ಯಾರೋ ಪುಣ್ಯಾತ್ಮರು!" ಸಾರಿನ ಕೆಂಪು ಹನಿ ನನ್ನ ಮೇಲೆ ಬಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು. ನನ್ನನ್ನು ಒರೆಸಿದ ಮೊದಲ ಪ್ರವಾಸಿ ಅವಳು.

ಆಗ ನನಗೆ ಆದ ಸಂಕಟ ಹೇಳಲಾರೆ. ತುಳಿದವರ ಎದುರು ಸುಳ್ಳಾಗಿದ್ದರೆ ಅಷ್ಟು ನೋವಿಲ್ಲ. ನಂಬಿದವಳ ಎದೆಗೆ ಸುಳ್ಳಾಗಿ ಅಂಟಿಕೊಂಡಿದ್ದೆ.

ಊಟ ಮುಗಿಸಿ ಬೋಟು ಕಾಯುವಾಗ ಪಾರವ್ವ ಕಾಲು ತೊಳೆಯುತ್ತೇನೆ ಎಂದು ಬಂಡೆಯ ಪಕ್ಕ ನೀರಿಗೆ ಇಳಿದಳು. ಪಾದ ಮುಳುಗಿತು, ಮೊಣಕಾಲು ಮುಳುಗಿತು. "ಸಾಕ್ರಿ ಅತ್ತಿ, ಬರ್ರಿ" ಎಂದು ಸರೋಜಾ ಕೂಗಿದಳು. "ಇದು ಐತಲ್ಲ, ನಾ ಯಾಕ ಅಂಜಲಿ?" ಎಂದು ಪಾರವ್ವ ನನ್ನ ಎದೆಗೆ ಗುದ್ದಿ ತೋರಿಸಿದಳು. ನಾನಿಲ್ಲದಿದ್ದರೆ ಆ ಮುದುಕಿ ಮತ್ತೆ ಎರಡು ಹೆಜ್ಜೆ ಇಡುತ್ತಿರಲಿಲ್ಲ. ಇಟ್ಟಳು. ಪಾಚಿಯ ಮೇಲೆ ಕಾಲು ಜಾರಿತು. ತೆರೆ ಬಂದು ಎಳೆದುಕೊಂಡಿತು.

ನಾನು ಒಂದು ಗಳಿಗೆ ತೇಲಿದೆ. ಆಮೇಲೆ ಕುಡಿಯತೊಡಗಿದೆ. ಹಾಸಿಗೆಯ ಸ್ಪಂಜಿಗೆ ಎಷ್ಟು ಬಾಯಿ! ಕುಡಿದು ಭಾರವಾಗಿ, ತೆರೆಯ ಹೊಡೆತಕ್ಕೆ ಮೇಲೆ ಸರಿದು ಅವಳ ಮೂಗು ಬಾಯಿಯನ್ನು ನಾನೇ ಮುಚ್ಚಿದೆ. ಅವಳು ಎರಡೂ ಕೈಯಿಂದ ನನ್ನನ್ನೇ ಅಪ್ಪಿ ಹಿಡಿದಿದ್ದಳು. ಬಿಡು ಪಾರವ್ವ, ನನ್ನನ್ನು ಬಿಡು ಎಂದು ಚೀರಿದೆ. ಬಟ್ಟೆಯ ಚೀರಾಟ ಯಾರಿಗೆ ಕೇಳಿಸುತ್ತದೆ?

ಸರೋಜಾ ಹಾರಿದಳು. ತವರಿನ ಕೆರೆಯಲ್ಲಿ ಈಜು ಕಲಿತವಳು. ಅತ್ತೆಯ ಹತ್ತಿರ ಬಂದು ಎಳೆದಳು, ಬರಲಿಲ್ಲ. ನಾನು ಕೆಳಗೆ ಎಳೆಯುತ್ತಿದ್ದೆ. ಅವಳಿಗೆ ತಿಳಿಯಿತು. ಗಂಟು ಬಿಚ್ಚಲು ಹೋದಳು, ಆಗಲಿಲ್ಲ. ಹಲ್ಲು ಕಚ್ಚಿ ಪಟ್ಟಿಗಳನ್ನು ಕಿತ್ತಳು. ಹೊಲಿಗೆ ಬಿಟ್ಟುಕೊಂಡಿತು. ನಾನು ಕಳಚಿ ಕೆಳಗೆ ಹೋದೆ, ಪಾರವ್ವ ಮೇಲೆ ಹೋದಳು. ಹೋಟೆಲಿನ ಹೆಂಗಸು ಎಸೆದ ಖಾಲಿ ಎಣ್ಣೆ ಕ್ಯಾನನ್ನು ಹಿಡಿದು ಅತ್ತೆ ಸೊಸೆ ದಡ ಸೇರಿದರು. ನನ್ನನ್ನು ಬೋಟಿನವನು ಕೊಕ್ಕೆ ಹಾಕಿ ಎತ್ತಿದ.

ಬಂದರಿನಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಧನಿ ಎದೆ ಉಬ್ಬಿಸಿ ನಿಂತಿದ್ದರು. "ಕಂಡ್ರಿಯಲೆ? ಜಾಕೀಟ್ ಇದ್ದದ್ದಕ್ಕೆ ಜೀವ ಉಳೀತ್!"

"ಅದ ಎಳೀತಿತ್ತ್ರಿ ಅವರನ್ನ" ಎಂದಳು ಸರೋಜಾ.

"ಸುಮ್ನಿರ ನೀ, ಯವ್ವ ಉಳದಾಳಲ್ಲ" ಎಂದ ಹಾಲೇಶ.

ಪಾರವ್ವ ನೆಲಕ್ಕೆ ಕೂತು ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣಿಗೆ ಒತ್ತಿಕೊಂಡಳು. ನನಗೆ ಕೈ ಮುಗಿದಳು! "ಇದನ್ನ ಹೊಲದಾಕಿ ಯಾರ್ರಿ? ಆಕೀನ್ನ ನಾ ನೋಡಬೇಕು."

ಧನಿ ಖುಷಿಯಿಂದ ಜಗಲಿ ತೋರಿಸಿ, ಹೊಸ ಗಿರಾಕಿಗಳ ಕಡೆ ಹೋದರು. ಮುಕಾಂಬು ಎದ್ದು ನಿಂತಳು. ಪಾರವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಸೊಸೆಗೆ ಹೇಳಿದಳು. "ನಾಳೆ ದೇವಿಗಂತ ತಂದದ್ದು ತಗೀ. ಈಕಿ ಉಡಿ ತುಂಬು." ಅವರ ಕಡೆ ಕುಬುಸದ ಕಣ ಎನ್ನುವ ಹಸಿರು ರವಿಕೆ ಬಟ್ಟೆ, ತೆಂಗಿನಕಾಯಿ, ಅಕ್ಕಿ, ಎರಡು ಬಾಳೆಹಣ್ಣು. ಏನು ನಡೆಯುತ್ತಿದೆ ಎಂದು ತಿಳಿಯುವ ಮೊದಲೇ ಎಲ್ಲ ಮುಕಾಂಬುವಿನ ಸೆರಗಿನಲ್ಲಿ ಬಿದ್ದಿತ್ತು.

"ನನ್ನ ಜೀವಾ ಉಳಿಸಿದಿ ತಂಗಿ."

ಮುಕಾಂಬು ಮಣೆಯಿಂದ ಎದ್ದಳು. "ಇದನ್ನ ತೆಕ್ಕಣಿ ಅಮ್ಮ, ನಂಗ್ ಬ್ಯಾಡ. ನಾನ್ ಉಳ್ಸಿದ್ದಲ್ಲ. ಅದ್ರಗೆ ಇಪ್ಪುದ್ ಹಾಸ್ಗಿ ಸ್ಪಂಜ್. ಅದ್ ಮುಳುಗ್ತ್."

ಪಾರವ್ವ ನನ್ನನ್ನು ಹಿಂಡಿದಳು. ಬಳಬಳ ನೀರು ಸುರಿಯಿತು.

"ಹೊಲಿಯೂ ಮುಂದ ಗೊತ್ತಿತ್ತೇನ ನಿನಗ?"

"ಹೊಲಿವತ್ತಿಗೆ ಗೊತ್ತಿರ್ಲಿಲ್ಲೆ. ತೊಳುವತ್ತಿಗೆ ಗೊತ್ತಾಯ್ತ್. ನಾಲ್ಕ್ ತಿಂಗ್ಳ್ ಆಯ್ತ್."

"ನಾಕ ತಿಂಗಳ! ನಾಕ ತಿಂಗಳದಾಗ ಎಷ್ಟ ಮಂದಿ ಕಟಗೊಂಡಾರ? ನನ್ನ ಮೊಮ್ಮಗಳಿಗೂ ಇಂಥಾದ್ದ ಕಟ್ಟಿದ್ರು!"

ಮುಕಾಂಬು ಖಾನೆ ಎಳೆದು ಕಾಗದ ತೆಗೆದು ಕೊಟ್ಟಳು. ಸರೋಜಾ ಓದಿದಳು. ಓದಿ ಹುಬ್ಬು ಗಂಟಿಕ್ಕಿದಳು. "ಇದರಾಗ ಬೋಟಿನ ಮಾತ ಇಲ್ಲ. ಯಾವದೋ ಕುಬುಸದ ಮಾತ ಅನಸ್ತೈತಲ್ರಿ, ಅಕ್ಕಾರ?"

"ಹಾಂಗಂದೇಳಿಯೇ ನೆಗಾಡಿದ್ರ್" ಎಂದು ಮುಕಾಂಬು ಅತ್ತುಬಿಟ್ಟಳು. ಸೆರಗಿನಲ್ಲಿದ್ದದ್ದನ್ನು ತಿರುಗಿ ಚಾಚಿದಳು.

ಪಾರವ್ವ ಅವಳ ಕೈಯನ್ನು ಹಿಂದಕ್ಕೆ ನೂಕಿದಳು. ಧ್ವನಿಯಲ್ಲಿ ಒಂದಿಷ್ಟೂ ಮೆದುತನವಿರಲಿಲ್ಲ. "ಉಡಿಗೆ ಹಾಕಿದ್ದನ್ನ ನಾವು ತಿರುಗಿ ತಗೊಳ್ಳೂದಿಲ್ಲ. ದೇವಿಗೆ ತಂದದ್ದು ನಿನಗ ಬಿದ್ದೈತಿ. ಅದಕ್ಕ ತಕ್ಕಂಗ ನಡಿ. ನಕ್ಕರ ನಗಲಿ. ತಿಳಿಯೂ ಹಂಗ ಬರಿ. ನೀ ಬರದ ಮುಗಿಸೂತನಕ ನಾ ಇಲ್ಲಿಂದ ಏಳೂದಿಲ್ಲ."

ಮುಕಾಂಬು ಬರೆದಳು. ಈ ಸಲ ಜಾಕೀಟು ಎಂದು ಬರೆಯಲಿಲ್ಲ. ನೀರಿಗೆ ಬಿದ್ದವರನ್ನು ತೇಲಿಸಬೇಕಾದ ಕಿತ್ತಳೆ ಅಂಗಿ ಎಂದು ಬರೆದಳು. ಧನಿಯ ಹೆಸರು, ಬೋಟಿನ ನಂಬರು, ಪಾರವ್ವನ ಹೆಸರು, ಆ ದಿನದ ತಾರೀಕು. ಕೊನೆಗೆ, "ಹೊಲಿದವಳು ನಾನೇ. ತಪ್ಪಿನಲ್ಲಿ ನನ್ನದೂ ಪಾಲಿದೆ." ಆಮೇಲೆ ಕತ್ತರಿ ತೆಗೆದು ನನ್ನ ಪಕ್ಕೆ ಸೀಳಿ, ಒಂದು ತುಂಡು ಸ್ಪಂಜು ಕತ್ತರಿಸಿ, ಕಾಗದದ ಜೊತೆ ಲಕೋಟೆಗೆ ಹಾಕಿದಳು. ನನಗೆ ನೋವಾಗಲಿಲ್ಲ. ನನ್ನ ಮೈಯಿಂದ ಸುಳ್ಳು ಹೊರಗೆ ಹೋದದ್ದು ಅದೇ ಮೊದಲು.

ಅಷ್ಟರಲ್ಲಿ ಧನಿ ಬಂದರು. ಕತ್ತರಿ ನೋಡಿದರು, ಲಕೋಟೆ ನೋಡಿದರು. "ನಾಳೆಯಿಂದ ಈ ಜಗಲಿಗ್ ಬಪ್ಪುದ್ ಬ್ಯಾಡ" ಎಂದರು.

"ನಾಳೆ ಎಂತಕ್ಕೆ? ಹೊತ್ತ್ ಮುಳುಗುದ್ರಗೆ ಮಿಷನ್ ಎತ್ತತೆ" ಎಂದಳು ಮುಕಾಂಬು.

ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಅಂಚೆ ಕಚೇರಿಗೆ ನಡೆದಳು. ನಾನು ಇನ್ನು ಬೋಟು ಹತ್ತುವುದಿಲ್ಲ. ಅವಳ ಮನೆಯ ಮೂಲೆಯಲ್ಲಿ ಸೀಳಿದ ಪಕ್ಕೆಯೊಂದಿಗೆ ಬಿದ್ದಿರುತ್ತೇನೆ, ಸಾಹೇಬರು ಕೇಳಿದರೆ ತೋರಿಸಲು. ಉಳಿದ ಹತ್ತೊಂಬತ್ತು ಮಂದಿ ನಾಳೆಯೂ ಯಾರದೋ ಎದೆಯ ಮೇಲೆ ಇರುತ್ತಾರೆ. ಅದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಪೋಸ್ಟ್ ಮಾಸ್ಟ್ರು ಲಕೋಟೆಯನ್ನು ಒತ್ತಿ ನೋಡಿದರು. ಒಳಗಿನ ಸ್ಪಂಜಿನಿಂದ ಒಂದು ಹನಿ ನೀರು ಮೇಜಿನ ಮೇಲೆ ಬಿತ್ತು. ಮುಕಾಂಬುವಿನ ಮುಖ ನೋಡಿದರು. ನಗಲಿಲ್ಲ.

"ರಿಜಿಸ್ಟರಾ?"

"ಹೌದ್. ನನ್ನ ಕಣ್ಣೆದ್ರಿಗೇ ಸೀಲ್ ಹಾಕಿ."

ಅವರು ಸೀಲು ಎತ್ತಿ ಧಡ್ ಎಂದು ಒತ್ತಿದರು. ಸಂಜೆಯ ಚೀಲದ ಬಾಯಿ ತೆರೆದೇ ಇತ್ತು. ಕಾಗದ ಅದರೊಳಗೆ ಬಿತ್ತು.